ಸಂಘಕ್ಕೆ ಅನುದಾನ ಬೇಕಾ? ಮೊದಲು ಕ್ಯಾಶ್ ಬುಕ್ ತೆಗೆಯಿರಿ

ಹಾಸನ ಜಿಲ್ಲೆಯಲ್ಲಿ ಒಂದೂ ಸಂಘ ಇಲ್ಲದ ಊರು ಹುಡುಕುವುದು ಕಷ್ಟ. ಯುವಕರ ಸಂಘ, ಮಹಿಳಾ ಸಮಾಜ, ಭಜನಾ ಮಂಡಳಿ, ಕೆರೆ ಸಮಿತಿ, ಹಳೇ ವಿದ್ಯಾರ್ಥಿಗಳ ಸಂಘ, ಸುಗ್ಗಿ ಕುಣಿತದ ತಂಡ, ವಿಕಲಚೇತನರ ಒಕ್ಕೂಟ. ಆ ಕಡೆ ಚಿಕ್ಕಮಗಳೂರಿಗೆ ಹೋದರೂ ಅಷ್ಟೇ, ಕಡೂರಿನಿಂದ ಶೃಂಗೇರಿ ತನಕ ಊರಿಗೊಂದು ಬೋರ್ಡು. ಕೆಲಸ ಮಾಡುವ ಜನಕ್ಕೆ ನಮ್ಮಲ್ಲಿ ಕೊರತೆ ಇಲ್ಲ. ದುಡ್ಡಿಗೆ ಇದೆ.

ನಾನು ಹಾಸನದಲ್ಲಿ ಒಬ್ಬ ಆಡಿಟರ್ ಹತ್ತಿರ ಲೆಕ್ಕ ಬರೆಯುವ ಕೆಲಸ ಮಾಡುತ್ತೇನೆ. ರಜೆ ದಿನಗಳಲ್ಲಿ ಇಂಥ ಸಣ್ಣ ಸಂಘಗಳ ಕಾಗದಪತ್ರ ನೋಡಿಕೊಡುವುದು ಅಭ್ಯಾಸವಾಗಿಬಿಟ್ಟಿದೆ. ಫೆಬ್ರವರಿ, ಮಾರ್ಚ್ ಬಂತು ಅಂದರೆ ಫೋನ್ ಶುರು. 'ಅಕ್ಕಾ, ಸಿಎಸ್‌ಆರ್ ಫಂಡ್ ಎಲ್ಲಿ ಸಿಗುತ್ತೆ? ಯಾರನ್ನ ಹಿಡೀಬೇಕು?' ಸಿಎಸ್‌ಆರ್ ಅಂದರೆ ಕಂಪನಿಗಳು ತಮ್ಮ ಲಾಭದಲ್ಲಿ ಸಮಾಜದ ಕೆಲಸಕ್ಕೆ ಕೊಡುವ ದುಡ್ಡು. ಯಾರನ್ನೂ ಹಿಡಿಯುವುದು ಬೇಡ ಅಂತ ಹೇಳಿದರೆ ನಂಬುವುದಿಲ್ಲ. ಅದಕ್ಕೇ ಒಮ್ಮೆ ಎಲ್ಲವನ್ನೂ ಕೂತು ಬರೆದುಬಿಡೋಣ ಅನ್ನಿಸಿತು.

ನನಗೆ ಅರ್ಥವಾಗಿರುವುದು ಇಷ್ಟು. ದುಡ್ಡು ಕೊಡುವವರು, ಅದು ಸರ್ಕಾರ ಆಗಲಿ, ಕಂಪನಿ ಆಗಲಿ, ಬೆಂಗಳೂರಿನ ದೊಡ್ಡ ಫೌಂಡೇಶನ್ ಆಗಲಿ, ನಿಮ್ಮ ಯೋಜನೆ ಎಷ್ಟು ದೊಡ್ಡದು ಅಂತ ಮೊದಲು ನೋಡುವುದಿಲ್ಲ. ಹೋದ ವರ್ಷ ನಿಮ್ಮ ಕೈಗೆ ಬಂದ ಸಣ್ಣ ದುಡ್ಡನ್ನು ಏನು ಮಾಡಿದಿರಿ ಅಂತ ನೋಡುತ್ತಾರೆ. ಅದನ್ನು ತೋರಿಸುವ ಪುಸ್ತಕ ನಿಮ್ಮ ಹತ್ತಿರ ಇದ್ದರೆ ಅರ್ಧ ದಾರಿ ಮುಗಿದ ಹಾಗೆ.

ಮೊದಲು ಸಂಘ ಯಾವುದು ಅನ್ನುವುದು ಸ್ಪಷ್ಟ ಇರಬೇಕು. ಎಷ್ಟೋ ಸಂಘಗಳಿಗೆ ಬೋರ್ಡ್ ಇದೆ, ಸೀಲ್ ಇದೆ, ರಿಜಿಸ್ಟ್ರೇಶನ್ ಇಲ್ಲ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಪ್ರಕಾರ ಕನಿಷ್ಠ 7 ಜನ ಸೇರಿದರೆ ಸಂಘ ನೋಂದಾಯಿಸಬಹುದು. ಇದು ಸಹಕಾರ ಇಲಾಖೆಯಡಿ ಬರುವ ಜಿಲ್ಲಾ ಸಂಘಗಳ ನೋಂದಣಾಧಿಕಾರಿ ಕಚೇರಿಯ ಕೆಲಸ. ಟ್ರಸ್ಟ್ ಆದರೆ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಟ್ರಸ್ಟ್ ಡೀಡ್ ಮಾಡಿಸಬೇಕು. ಊರವರೆಲ್ಲ ಸೇರಿ ಮಾಡುವ ಕೆಲಸಕ್ಕೆ ಸಂಘವೇ ಸರಿ ಅನ್ನುವುದು ನನ್ನ ಅಭಿಪ್ರಾಯ. ವರ್ಷಕ್ಕೊಮ್ಮೆ ಸರ್ವ ಸದಸ್ಯರ ಸಭೆ ಕರೆಯಬೇಕು, ಪದಾಧಿಕಾರಿಗಳನ್ನು ಆರಿಸಬೇಕು, ಲೆಕ್ಕ ಎಲ್ಲರ ಮುಂದೆ ಓದಬೇಕು. ಟ್ರಸ್ಟಿನಲ್ಲಿ ನಾಲ್ಕು ಜನ ಟ್ರಸ್ಟಿಗಳು ಮನಸ್ಸು ಮಾಡಿದರೆ ಉಳಿದವರಿಗೆ ಏನೂ ಗೊತ್ತಾಗದ ಹಾಗೆ ನಡೆಸಬಹುದು.

ರಿಜಿಸ್ಟರ್ ಮಾಡಿಸಿದ ಮೇಲೆ ಕೆಲಸ ಮುಗಿಯಿತು ಅಂದುಕೊಳ್ಳುವವರೇ ಜಾಸ್ತಿ. ಪ್ರತಿ ವರ್ಷ ಸಭೆ ಆದ ಮೇಲೆ ಕಮಿಟಿಯವರ ಪಟ್ಟಿ, ಆಡಿಟ್ ಆದ ಜಮಾ-ಖರ್ಚು, ಆಸ್ತಿ-ಸಾಲದ ತಖ್ತೆ ಎಲ್ಲವನ್ನೂ ಆ ಕಚೇರಿಗೆ ಸಲ್ಲಿಸಬೇಕು. ನಮ್ಮ ಕಡೆ ಇದಕ್ಕೆ ರಿನೀವಲ್ ಅಂತಲೇ ಹೇಳುತ್ತಾರೆ. ಐದಾರು ವರ್ಷ ಬಿಟ್ಟು, ಅನುದಾನದ ಪ್ರಕಟಣೆ ಪೇಪರಿನಲ್ಲಿ ಬಂದ ದಿನ ಓಡಿ ಬಂದರೆ ಏನೂ ಮಾಡಲು ಆಗುವುದಿಲ್ಲ. ಬಾಕಿ ಬಿದ್ದಷ್ಟೂ ದಂಡ, ಬಾಕಿ ಬಿದ್ದಷ್ಟೂ ಓಡಾಟ. ಅಷ್ಟರಲ್ಲಿ ಅರ್ಜಿಯ ಕೊನೇ ದಿನ ಮುಗಿದಿರುತ್ತದೆ.

ಇನ್ನೊಂದು, ಬೈಲಾ, ಅಂದರೆ ಸಂಘದ ನಿಯಮಗಳ ಪುಸ್ತಕ ತೆಗೆದು ಉದ್ದೇಶಗಳ ಪುಟ ಓದಿ. ಸಂಘ ಕಟ್ಟುವಾಗ ಟೈಪಿಂಗ್ ಅಂಗಡಿಯವರು ಇನ್ಯಾವುದೋ ಸಂಘದ ಬೈಲಾ ನೋಡಿ ಹಾಕಿಕೊಟ್ಟಿರುತ್ತಾರೆ. ಈಗ ನೀವು ಮಕ್ಕಳಿಗೆ ಸಂಜೆ ಪಾಠ ಮಾಡುತ್ತಿದ್ದೀರಿ, ಬೈಲಾದಲ್ಲಿ ಕ್ರೀಡೆ ಮತ್ತು ಸಾಂಸ್ಕೃತಿಕ ಚಟುವಟಿಕೆ ಅಂತ ಮಾತ್ರ ಇದೆ. ಶಿಕ್ಷಣಕ್ಕೆ ಅಂತ ದುಡ್ಡು ಕೇಳಿದರೆ ಅಲ್ಲೇ ನಿಲ್ಲಿಸುತ್ತಾರೆ. ತಿದ್ದುಪಡಿ ಮಾಡಿಸಬಹುದು. ಸಭೆ ಕರೆದು ಠರಾವು ಮಾಡಿ ಕಚೇರಿಗೆ ಕೊಡಬೇಕು. ಇದನ್ನು ಅನುದಾನ ಹುಡುಕುವ ಮುಂಚೆ ಮಾಡಿಕೊಳ್ಳಿ.

ಪ್ಯಾನ್ ಕಾರ್ಡ್ ಸಂಘದ ಹೆಸರಿನಲ್ಲಿ ಇರಬೇಕು. ಬ್ಯಾಂಕ್ ಖಾತೆಯೂ ಅಷ್ಟೇ, ಇಬ್ಬರ ಸಹಿ ಬೇಕು. ಅಧ್ಯಕ್ಷರ ಫೋನಿನ ಕ್ಯೂಆರ್ ಕೋಡ್ ಪ್ರಿಂಟ್ ಹಾಕಿಸಿ ಗಣಪತಿ ಚಂದಾ ಎತ್ತುವುದು ಈಗ ಎಲ್ಲ ಕಡೆ ಇದೆ. ಅವರು ಪ್ರಾಮಾಣಿಕರೇ ಇರಬಹುದು. ಆದರೆ ಸಂಘದ ದುಡ್ಡು, ಮನೆ ಗ್ಯಾಸಿನ ದುಡ್ಡು, ಮಗಳ ಕಾಲೇಜ್ ಫೀಸು ಎಲ್ಲ ಒಂದೇ ಖಾತೆಯಲ್ಲಿ ಬಂದು ಹೋಗಿದ್ದರೆ ಯಾವ ಆಡಿಟರ್ ತಾನೇ ಸಹಿ ಹಾಕುತ್ತಾರೆ?

ಈಗ ಕ್ಯಾಶ್ ಬುಕ್ಕಿನ ವಿಷಯ. ಆಲೂರು ಕಡೆಯ ಒಂದು ಮಹಿಳಾ ಸಂಘದ ಖಜಾಂಚಿ ಇದ್ದಾರೆ. ಓದಿರುವುದು ಏಳನೇ ಕ್ಲಾಸು. ಉದ್ದನೆಯ ರಟ್ಟಿನ ಪುಸ್ತಕದಲ್ಲಿ ಎಡಕ್ಕೆ ಜಮಾ, ಬಲಕ್ಕೆ ಖರ್ಚು, ದಿನದ ಕೊನೆಗೆ ಶಿಲ್ಕು. ಒಂದು ಪುಟ ನನಗೆ ಇನ್ನೂ ನೆನಪಿದೆ. ಹೊಲಿಗೆ ತರಬೇತಿಯ ದಿನ: ಟೀ ಪುಡಿ, ಸಕ್ಕರೆ, ಹಾಲು ಬೇರೆ ಬೇರೆ ಸಾಲು. ಮಷಿನ್ ಇಳಿಸಿದ ಆಟೋದವರಿಗೆ ಕೊಟ್ಟದ್ದು ಒಂದು ಸಾಲು. ಆಟೋದವರು ಬಿಲ್ ಕೊಡುವುದಿಲ್ಲವಲ್ಲ, ಅದಕ್ಕೆ ಒಂದು ಚೀಟಿಯಲ್ಲಿ ಅವರ ಹೆಸರು, ಫೋನ್ ನಂಬರ್, ಎಲ್ಲಿಂದ ಎಲ್ಲಿಗೆ ಬಂದದ್ದು, ಎಷ್ಟು ಕೊಟ್ಟದ್ದು ಬರೆದು ಸಹಿ ಹಾಕಿಸಿ ಪುಸ್ತಕಕ್ಕೆ ಅಂಟಿಸಿದ್ದಾರೆ. ಅದೇ ವೋಚರ್. ಯಾರೂ ಅವರಿಗೆ ಕಲಿಸಿರಲಿಲ್ಲ. ಒಂದು ಕಂಪನಿಯಿಂದ ನೋಡಲು ಬಂದ ಹುಡುಗ ಎಲ್ಲ ಫೈಲ್ ಪಕ್ಕಕ್ಕಿಟ್ಟು ಆ ಪುಸ್ತಕವನ್ನೇ ತಿರುವಿ ಹಾಕುತ್ತಾ ಕೂತ. ಆಮೇಲೆ ಕೇಳಿದ ಪ್ರಶ್ನೆ ಎರಡೇ. ತರಬೇತಿ ಪಡೆದವರಲ್ಲಿ ಈಗ ಎಷ್ಟು ಜನ ಹೊಲಿಯುತ್ತಿದ್ದಾರೆ, ಇನ್ನೂ ಎಷ್ಟು ಮಷಿನ್ ಬೇಕು. ಅವರಿಗೆ ಮಷಿನ್ ಬಂತು.

ಅದೇ ಸಮಯಕ್ಕೆ ಇನ್ನೊಂದು ಕಡೆಯ ಪುಸ್ತಕ ನೋಡಿದೆ. ರಾಜ್ಯೋತ್ಸವಕ್ಕೆ ಆದ ದುಡ್ಡಿನಲ್ಲಿ ಅರ್ಧಕ್ಕಿಂತ ಜಾಸ್ತಿ 'ಇತರೆ ಖರ್ಚು' ಅಂತ ಒಂದೇ ಸಾಲು. ಕದ್ದಿದ್ದಾರೆ ಅಂತಲ್ಲ. ಶಾಮಿಯಾನ, ಊಟ, ಮೈಕ್ ಸೆಟ್‌ಗೇ ಹೋಗಿರುತ್ತದೆ. ಆದರೆ ಹೊರಗಿನವರಿಗೆ ಅದು ಹೇಗೆ ಗೊತ್ತಾಗಬೇಕು? 'ಇತರೆ' ಅನ್ನುವ ಸಾಲು ಎಷ್ಟು ಸಣ್ಣದಿದ್ದರೆ ಅಷ್ಟು ಒಳ್ಳೆಯದು.

ದುಡ್ಡು ಎಲ್ಲಿದೆ ಅನ್ನುವುದಕ್ಕೆ ಬರೋಣ. ಎಲ್ಲರೂ ಮೊದಲು ದೂರ ನೋಡುತ್ತಾರೆ. ಹತ್ತಿರದಿಂದ ಶುರು ಮಾಡಿ ಅನ್ನುವುದು ನನ್ನ ಮಾತು.

ನಮ್ಮ ಎರಡೂ ಜಿಲ್ಲೆಗಳಿಂದ ಬೆಂಗಳೂರು, ಮೈಸೂರಿಗೆ ಹೋಗಿ ನೆಲೆಸಿದವರು ಕಡಿಮೆ ಏನಲ್ಲ. ತೋಟ ಇಲ್ಲಿದೆ, ಮನೆ ಅಲ್ಲಿದೆ. ಊರಿನ ಶಾಲೆ ಅಂದರೆ ಅವರಿಗೆ ಈಗಲೂ ಅಕ್ಕರೆ. ಅವರಿಂದ ಒಂದೇ ಸಲ ದೊಡ್ಡ ಮೊತ್ತ ಕೇಳುವುದಕ್ಕಿಂತ ತಿಂಗಳಿಗೆ 200, 500 ಅಂತ ಖಾತೆಗೆ ನೇರವಾಗಿ ಬರುವ ಹಾಗೆ ಮಾಡಿಕೊಂಡರೆ ಸಂಘಕ್ಕೆ ಉಸಿರಾಡಲು ಆಗುತ್ತದೆ. ವರ್ಷಕ್ಕೊಮ್ಮೆ ಅವರಿಗೆ ಲೆಕ್ಕ ಕಳಿಸಬೇಕು, ಅದು ಮರೆಯಬಾರದು. ಊರಿನ ಹಾಲಿನ ಡೈರಿ, ಸೊಸೈಟಿ ಲಾಭದಲ್ಲಿದ್ದರೆ ಅಲ್ಲೂ ಕೇಳಬಹುದು. ಸಾರ್ವಜನಿಕ ಕೆಲಸಕ್ಕೆ ಒಂದು ಪಾಲು ಕೊಡುವ ಸಹಕಾರ ಸಂಘಗಳಿವೆ. ಅವರ ವಾರ್ಷಿಕ ಸಭೆಗೆ ಮುಂಚೆಯೇ ಪತ್ರ ಕೊಟ್ಟಿರಬೇಕು ಅಷ್ಟೇ.

ಗ್ರಾಮ ಪಂಚಾಯಿತಿ ಅಂದರೆ ರಸ್ತೆ, ಚರಂಡಿ ಅಷ್ಟೇ ಅಂದುಕೊಳ್ಳುತ್ತೇವೆ. ಪಂಚಾಯಿತಿ ತನ್ನ ಸ್ವಂತ ವರಮಾನದಲ್ಲಿ ಶೇಕಡ 5ರಷ್ಟನ್ನು ವಿಕಲಚೇತನರಿಗಾಗಿ ಖರ್ಚು ಮಾಡಬೇಕು ಅಂತ ನಿಯಮ ಇದೆ. ಇದನ್ನು ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿದ ಸಂಘಗಳು ಕಡಿಮೆ. ಆಸ್ತಿ ತೆರಿಗೆಯ ಜೊತೆ ನಾವೆಲ್ಲ ಗ್ರಂಥಾಲಯ ಕರ ಕಟ್ಟುತ್ತೇವೆ, ರೂಪಾಯಿಗೆ 6 ಪೈಸೆ, 1965ರ ಗ್ರಂಥಾಲಯ ಕಾಯ್ದೆಯಿಂದ ಬಂದದ್ದು. ಊರಲ್ಲಿ ಓದುವ ಮನೆ ನಡೆಸುವವರು ಬೇರೆಯೇ ಕಟ್ಟಡ ಬೇಕು ಅನ್ನುವ ಮುಂಚೆ ಪಂಚಾಯಿತಿ ಗ್ರಂಥಾಲಯದ ಜೊತೆ ಸೇರಿ ಏನು ಮಾಡಬಹುದು ಅಂತ ಪಿಡಿಒ ಹತ್ತಿರ ಕೂತು ಮಾತಾಡುವುದು ಒಳ್ಳೆಯದು. ಗ್ರಂಥಾಲಯಗಳಿಗೆ ನೆರವು ಕೊಡಲು ಕೋಲ್ಕತ್ತದಲ್ಲಿ ರಾಜಾ ರಾಮಮೋಹನ ರಾಯ್ ಗ್ರಂಥಾಲಯ ಪ್ರತಿಷ್ಠಾನ ಅಂತ 1972ರಿಂದ ಇದೆ. ಸ್ವಯಂಸೇವಾ ಸಂಸ್ಥೆಗಳ ಗ್ರಂಥಾಲಯಕ್ಕೂ ಅವರ ಯೋಜನೆ ಇದೆ. ಜಿಲ್ಲಾ ಕೇಂದ್ರ ಗ್ರಂಥಾಲಯದಲ್ಲಿ ಕೇಳಿದರೆ ದಾರಿ ಹೇಳುತ್ತಾರೆ.

ಶಾಸಕರ ನಿಧಿ, ಸಂಸದರ ನಿಧಿ ಬಗ್ಗೆ ಒಂದು ತಪ್ಪು ತಿಳುವಳಿಕೆ ಇದೆ. ಶಾಸಕರಿಗೆ ವರ್ಷಕ್ಕೆ 2 ಕೋಟಿ, ಸಂಸದರಿಗೆ 5 ಕೋಟಿ. ಆದರೆ ಅದನ್ನು ಅವರು ಚೆಕ್ ಬರೆದು ಸಂಘಕ್ಕೆ ಕೊಡುವುದಿಲ್ಲ. ಅವರು ಶಿಫಾರಸು ಮಾಡುತ್ತಾರೆ, ಜಿಲ್ಲಾಡಳಿತ ಮಂಜೂರು ಮಾಡುತ್ತದೆ, ಕೆಲಸವನ್ನು ಒಂದು ಸರ್ಕಾರಿ ಏಜೆನ್ಸಿ ಮಾಡಿಸುತ್ತದೆ. ಕಟ್ಟಡ, ರಂಗಮಂದಿರ, ಬಸ್ ತಂಗುದಾಣದಂಥ ಉಳಿಯುವ ಆಸ್ತಿಗಳಿಗೆ ಅದು ಸರಿ. ಮೇಷ್ಟ್ರ ಸಂಬಳಕ್ಕೆ, ವೇಷಭೂಷಣಕ್ಕೆ ಅಲ್ಲ.

ಕಲಾತಂಡಗಳಿಗೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಧನಸಹಾಯವೇ ಮೊದಲ ಬಾಗಿಲು. ಕಾರ್ಯಕ್ರಮಕ್ಕೂ ಕೊಡುತ್ತಾರೆ, ವಾದ್ಯ ಮತ್ತು ವೇಷಭೂಷಣ ಕೊಳ್ಳಲೂ ಕೊಡುತ್ತಾರೆ. ಅರ್ಜಿ ಸೇವಾ ಸಿಂಧು ಪೋರ್ಟಲ್‌ನಲ್ಲಿ ಹಾಕಬೇಕು. ಪ್ರಕಟಣೆ ಬಂದ ಮೇಲೆ ಸಮಯ ಜಾಸ್ತಿ ಇರುವುದಿಲ್ಲ, ಆದ್ದರಿಂದ ಆಡಿಟ್ ವರದಿ, ಹಿಂದಿನ ಕಾರ್ಯಕ್ರಮಗಳ ಕರಪತ್ರ, ಫೋಟೋ, ಪೇಪರ್ ಕಟಿಂಗ್ ಎಲ್ಲ ಮೊದಲೇ ಸ್ಕ್ಯಾನ್ ಮಾಡಿ ಒಂದು ಕಡೆ ಇಟ್ಟುಕೊಂಡಿರಿ. ಅರಸೀಕೆರೆ, ಚನ್ನರಾಯಪಟ್ಟಣ ಕಡೆಯ ಮೂಡಲಪಾಯದವರು, ಮಲೆನಾಡಿನ ಅಂಟಿಗೆ ಪಂಟಿಗೆಯವರು, ವೀರಗಾಸೆಯವರು, ಇವರ ಕಲೆಗೆ ಬೆಲೆ ಇದೆ ಅನ್ನುವುದಕ್ಕೆ ಯಾರ ಸರ್ಟಿಫಿಕೇಟೂ ಬೇಕಾಗಿಲ್ಲ. ಆದರೆ ಕಾರ್ಯಕ್ರಮ ನಡೆದದ್ದಕ್ಕೆ ಒಂದು ಫೋಟೋ ಕೂಡ ಇಟ್ಟುಕೊಂಡಿರುವುದಿಲ್ಲ. ನೋಡಿದರೆ ಹೊಟ್ಟೆ ಉರಿಯುತ್ತದೆ. ಊರಿನ ಒಬ್ಬ ಕಾಲೇಜ್ ಹುಡುಗಿಗೆ ಅಥವಾ ಹುಡುಗನಿಗೆ ಈ ಕೆಲಸ ಒಪ್ಪಿಸಿದರೆ ಸಾಕು.

ಸರ್ಕಾರಿ ಶಾಲೆಯಲ್ಲಿ ಕಲೆಯ ಮೂಲಕ ಪಾಠ ಮಾಡುವ ಆಸೆ ಇರುವ ಮೇಷ್ಟ್ರುಗಳು ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ನಡೆಸುವ 'ಕಲಿ-ಕಲಿಸು' ನೋಡಿ. ಕರ್ನಾಟಕದ ಸರ್ಕಾರಿ ಶಾಲೆಗಳಿಗೆಂದೇ ಇರುವ ಅನುದಾನ ಅದು. ಊರಿನ ಹಾಡು, ಕುಣಿತ, ಕಥೆ ಇವನ್ನೇ ಪಾಠಕ್ಕೆ ತರಬಹುದು. ಹಳ್ಳಿ ಮೇಷ್ಟ್ರುಗಳಿಗೆ ಹೇಳಿ ಮಾಡಿಸಿದ ಹಾಗಿದೆ.

ಕೆರೆ ಸಮಿತಿಗಳಿಗೆ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ 'ನಮ್ಮೂರು ನಮ್ಮ ಕೆರೆ' ಗೊತ್ತೇ ಇರುತ್ತದೆ. ಅಲ್ಲಿ ನನಗೆ ಇಷ್ಟವಾಗುವುದು ಊರಿನ ಪಾಲೂ ಇರಬೇಕು ಅನ್ನುವುದು. ಹೂಳನ್ನು ರೈತರು ತಮ್ಮ ಟ್ರ್ಯಾಕ್ಟರಿನಲ್ಲಿ ಹೊಲಕ್ಕೆ ಹೊಡೆದುಕೊಳ್ಳುತ್ತಾರೆ. ರೈತರ ಗುಂಪು, ಸ್ವಸಹಾಯ ಸಂಘದ ಉತ್ಪನ್ನ ಮಾರಾಟ ಇಂಥದ್ದಕ್ಕೆ ನಬಾರ್ಡ್‌ನ, ಅಂದರೆ ಕೃಷಿ ಮತ್ತು ಗ್ರಾಮೀಣ ಅಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕಿನ, ಜಿಲ್ಲಾ ಅಭಿವೃದ್ಧಿ ವ್ಯವಸ್ಥಾಪಕರನ್ನು ಕಾಣಬೇಕು. ರೋಟರಿ, ಲಯನ್ಸ್ ಕ್ಲಬ್‌ಗಳು ಹಾಸನ, ಚಿಕ್ಕಮಗಳೂರು ಎರಡರಲ್ಲೂ ಇವೆ. ಜುಲೈನಲ್ಲಿ ಅವರ ಹೊಸ ಪದಾಧಿಕಾರಿಗಳು ಬರುತ್ತಾರೆ, ಆಗಲೇ ಮಾತಾಡಿ.

ಇನ್ನು ಸಿಎಸ್‌ಆರ್. ಕಂಪನಿ ಕಾಯ್ದೆ 2013ರ 135ನೇ ಕಲಂ, 2014ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ನಿವ್ವಳ ಮೌಲ್ಯ 500 ಕೋಟಿ, ಅಥವಾ ವಹಿವಾಟು 1000 ಕೋಟಿ, ಅಥವಾ ನಿವ್ವಳ ಲಾಭ 5 ಕೋಟಿ, ಈ ಮೂರರಲ್ಲಿ ಯಾವುದಾದರೂ ಒಂದನ್ನು ಮುಟ್ಟಿದ ಕಂಪನಿ ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇಕಡ 2ನ್ನು ಸಮಾಜಕ್ಕೆ ಖರ್ಚು ಮಾಡಬೇಕು. ಯಾವುದಕ್ಕೆ ಅಂತ ಕಾಯ್ದೆಯ 7ನೇ ಅನುಸೂಚಿಯಲ್ಲಿದೆ. ಶಿಕ್ಷಣ, ಆರೋಗ್ಯ, ಪರಿಸರ, ಗ್ರಾಮೀಣ ಕ್ರೀಡೆ, ಕಲೆ ಮತ್ತು ಪರಂಪರೆ, ಸಾರ್ವಜನಿಕ ಗ್ರಂಥಾಲಯ ಎಲ್ಲ ಬರುತ್ತವೆ. ಒಂದು ದಿನದ ಮ್ಯಾರಥಾನ್, ಪ್ರಶಸ್ತಿ ಕೊಡುವುದು, ಪ್ರಾಯೋಜಕತ್ವ ಇವು ಬರುವುದಿಲ್ಲ. ಕಾರ್ಖಾನೆ ಇರುವ ಸುತ್ತಮುತ್ತಲಿನ ಊರಿಗೆ ಆದ್ಯತೆ ಕೊಡಬೇಕು ಅಂತಲೂ ಕಾಯ್ದೆಯಲ್ಲೇ ಇದೆ. ಹಾಸನದ ಕೈಗಾರಿಕಾ ಪ್ರದೇಶದ ಅಕ್ಕಪಕ್ಕದ ಊರಿನವರು ಈ ಸಾಲನ್ನು ಪತ್ರದಲ್ಲಿ ಧೈರ್ಯವಾಗಿ ಬರೆಯಬಹುದು.

ಆದರೆ ಕಂಪನಿ ದುಡ್ಡು ನೇರವಾಗಿ ನಿಮ್ಮ ಸಂಘಕ್ಕೆ ಬರಬೇಕಾದರೆ ನಾಲ್ಕು ಮೆಟ್ಟಿಲು ಹತ್ತಬೇಕು. ಆದಾಯ ತೆರಿಗೆಯ 12ಎ ನೋಂದಣಿ, 80ಜಿ ಅನುಮೋದನೆ, ಅಂಥದ್ದೇ ಕೆಲಸದಲ್ಲಿ ಕನಿಷ್ಠ ಮೂರು ವರ್ಷದ ಅನುಭವ, ಆಮೇಲೆ ಕಂಪನಿ ವ್ಯವಹಾರಗಳ ಸಚಿವಾಲಯದಲ್ಲಿ ಸಿಎಸ್‌ಆರ್-1 ನೋಂದಣಿ. ಕೊನೆಯದು 2021ರ ಏಪ್ರಿಲ್‌ನಿಂದ ಕಡ್ಡಾಯ. ಇದರ ಜೊತೆಗೆ ಸ್ವಯಂಸೇವಾ ಸಂಸ್ಥೆಗಳು ಹೆಸರು ನೋಂದಾಯಿಸುವ ನೀತಿ ಆಯೋಗದ ದರ್ಪಣ್ ಪೋರ್ಟಲ್‌ನ ನಂಬರ್ ಕೂಡ ಬಹಳ ಕಡೆ ಕೇಳುತ್ತಾರೆ. ಇವತ್ತು ಸಂಘ ರಿಜಿಸ್ಟರ್ ಮಾಡಿಸಿ ನಾಳೆ ಸಿಎಸ್‌ಆರ್ ಕೇಳಲು ಆಗದೇ ಇರುವುದು ಇದಕ್ಕೇ.

12ಎ ಮತ್ತು 80ಜಿ ಒಂದೇ ಅಂತ ತುಂಬಾ ಜನ ತಿಳಿದಿದ್ದಾರೆ. 12ಎ ಇದ್ದರೆ ಸಂಘದ ಆದಾಯಕ್ಕೆ ತೆರಿಗೆ ವಿನಾಯಿತಿ, ಬಂದದ್ದರಲ್ಲಿ ಶೇಕಡ 85ನ್ನು ಉದ್ದೇಶಕ್ಕೆ ಖರ್ಚು ಮಾಡಬೇಕು. 80ಜಿ ಇದ್ದರೆ ದಾನ ಕೊಟ್ಟವರಿಗೆ ತೆರಿಗೆಯಲ್ಲಿ ರಿಯಾಯಿತಿ. ಅದೂ ಹಳೇ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಮಾತ್ರ, ಮತ್ತು 2000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ಆ ರಿಯಾಯಿತಿ ಸಿಗುವುದಿಲ್ಲ. ರಸೀದಿ ಬರೆದುಕೊಟ್ಟರೆ ಸಾಲದು. ಯಾರು ಎಷ್ಟು ಕೊಟ್ಟರು ಅಂತ ವರ್ಷ ಮುಗಿದ ಮೇಲೆ ಇಲಾಖೆಗೆ ಆನ್‌ಲೈನ್ ಸಲ್ಲಿಸಬೇಕು, ಇಷ್ಟು ದಿನ 10ಬಿಡಿ ಅಂತ ಕರೆದದ್ದು ಅದನ್ನೇ. 2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿ, ಕಲಂ ನಂಬರುಗಳು ಬದಲಾಗಿವೆ. ಜನರ ಬಾಯಲ್ಲಿ ಇರುವುದು ಹಳೇ ಹೆಸರೇ ಆದ್ದರಿಂದ ನಾನೂ ಹಾಗೇ ಬರೆದೆ. ಅರ್ಜಿ ಹಾಕುವಾಗ ಹೊಸದನ್ನು ಆಡಿಟರ್ ಹತ್ತಿರ ಕೇಳಿಕೊಳ್ಳಿ. ನೋಂದಣಿಗೆ ಅವಧಿ ಇದೆ, ಮುಗಿಯುವ ತಾರೀಕನ್ನು ಸಂಘದ ಗೋಡೆ ಮೇಲೆ ದೊಡ್ಡದಾಗಿ ಬರೆದು ಅಂಟಿಸಿ.

ಯಾವ ಕಂಪನಿ ಎಲ್ಲಿ ಕೊಡುತ್ತದೆ ಅಂತ ತಿಳಿಯಲು ಯಾರ ಕಾಲೂ ಹಿಡಿಯಬೇಕಾಗಿಲ್ಲ. ದೊಡ್ಡ ಕಂಪನಿಗಳ ವಾರ್ಷಿಕ ವರದಿ ಅವರ ವೆಬ್‌ಸೈಟಿನಲ್ಲೇ ಇರುತ್ತದೆ. ಅದರ ಹಿಂದುಗಡೆ ಸಿಎಸ್‌ಆರ್ ಅನುಬಂಧ ಅಂತ ಇದೆ. ಯಾವ ಯೋಜನೆ, ಯಾವ ಜಿಲ್ಲೆ, ಎಷ್ಟು ದುಡ್ಡು, ಯಾವ ಸಂಸ್ಥೆಯ ಮೂಲಕ, ಇವನ್ನು ಕೆಲವು ಕಂಪನಿಗಳು ಅಲ್ಲಿ ಬರೆದಿರುತ್ತವೆ. ಆ ಕಾಲಂನಲ್ಲಿ ಹಾಸನ, ಚಿಕ್ಕಮಗಳೂರು ಅಂತ ಹುಡುಕಿ. ನಮ್ಮ ಜಿಲ್ಲೆಯಲ್ಲಿ ಕೊಟ್ಟಿದ್ದಾರೆ ಅಂದರೆ ಅವರಿಗೆ ಇಲ್ಲಿನ ಪರಿಚಯ ಇದೆ. ಕೊಟ್ಟದ್ದು ಯಾವ ಸಂಸ್ಥೆಯ ಮೂಲಕ ಅಂತ ಗೊತ್ತಾದರೆ ಆ ಸಂಸ್ಥೆಯವರನ್ನೇ ಮೊದಲು ಮಾತಾಡಿಸಿ. ಸಣ್ಣ ಸಂಘಕ್ಕೆ ಇದೇ ಸುಲಭದ ದಾರಿ. ದೊಡ್ಡ ಕಂಪನಿಗೆ 50 ಸಾವಿರದ ಯೋಜನೆಗೂ 50 ಲಕ್ಷದ ಯೋಜನೆಗೂ ಕಾಗದದ ಕೆಲಸ ಹೆಚ್ಚು ಕಡಿಮೆ ಒಂದೇ, ಸಣ್ಣದನ್ನು ಅವರು ಮುಟ್ಟುವುದಿಲ್ಲ. ಅನುಭವ ಇರುವ ಸಂಸ್ಥೆಯೊಂದರ ಜೊತೆ ಒಪ್ಪಂದ ಮಾಡಿಕೊಂಡು ನಮ್ಮ ತಾಲ್ಲೂಕಿನ ಕೆಲಸ ನಾವು ಮಾಡುತ್ತೇವೆ ಅನ್ನಬಹುದು.

ವಿದೇಶದ ದುಡ್ಡಿನ ಬಗ್ಗೆ ಒಂದೇ ಎಚ್ಚರಿಕೆ. ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ನೋಂದಣಿ ಇಲ್ಲದೆ ಒಂದು ರೂಪಾಯಿಯನ್ನೂ ತಗೊಳ್ಳಬೇಡಿ. ಅದು ಸಿಗಬೇಕಾದರೆ ಸಾಮಾನ್ಯವಾಗಿ ಮೂರು ವರ್ಷ ಆಗಿರಬೇಕು, ಆ ಮೂರು ವರ್ಷದಲ್ಲಿ ಉದ್ದೇಶಕ್ಕೆ 15 ಲಕ್ಷ ಖರ್ಚು ಮಾಡಿರಬೇಕು. ಹೀಗೆ ಬಂದ ದುಡ್ಡನ್ನು ಇನ್ನೊಂದು ಸಂಸ್ಥೆಗೆ ದಾಟಿಸುವುದನ್ನು 2020ರಿಂದ ನಿಲ್ಲಿಸಿದ್ದಾರೆ. ಊರಿನ ಹುಡುಗ ಅಮೆರಿಕದಲ್ಲಿದ್ದಾನೆ, ಶಾಲೆಗೆ ಕೊಡುತ್ತಾನಂತೆ ಅಂತ ಬರುತ್ತಾರೆ. ಅವನ ಹತ್ತಿರ ಇನ್ನೂ ಭಾರತದ ಪಾಸ್‌ಪೋರ್ಟ್ ಇದ್ದು, ತನ್ನ ದುಡಿಮೆಯ ದುಡ್ಡನ್ನು ಬ್ಯಾಂಕಿನ ಮೂಲಕ ಕಳಿಸಿದರೆ ತೊಂದರೆ ಇಲ್ಲ. ಅಲ್ಲಿನ ಪೌರತ್ವ ತಗೊಂಡಿದ್ದರೆ ಅದು ವಿದೇಶಿ ದೇಣಿಗೆ. ಮೊದಲೇ ಕೇಳಿಬಿಡಿ, ಅವನು ಬೇಜಾರು ಮಾಡಿಕೊಳ್ಳುವುದಿಲ್ಲ.

ಏಜೆಂಟರ ಬಗ್ಗೆ ಹೇಳದೆ ಇದ್ದರೆ ಇದು ಪೂರ್ತಿ ಆಗುವುದಿಲ್ಲ. 'ಕಂಪನಿಯಲ್ಲಿ ನಮ್ಮವರಿದ್ದಾರೆ, 20 ಲಕ್ಷ ಮಾಡಿಸಿಕೊಡುತ್ತೇವೆ, ಮೊದಲು ಪ್ರೋಸೆಸಿಂಗ್ ಫೀ ಕೊಡಿ' ಅನ್ನುವವರು ಬರುತ್ತಾರೆ. ಕೊಟ್ಟ ದುಡ್ಡು ಹೋಯಿತು ಅಂತಲೇ ಲೆಕ್ಕ. ಇನ್ನೂ ಕೆಟ್ಟದ್ದು ಒಂದಿದೆ. ನಿಮ್ಮ ಖಾತೆಗೆ ದಾನ ಹಾಕುತ್ತೇವೆ, ಇಷ್ಟು ಪರ್ಸೆಂಟ್ ನೀವು ಇಟ್ಟುಕೊಳ್ಳಿ, ಉಳಿದದ್ದನ್ನು ನಗದಾಗಿ ವಾಪಸ್ ಕೊಡಿ ಅನ್ನುತ್ತಾರೆ. ಇದು ಅಪರಾಧ. ಸಿಕ್ಕಿಬಿದ್ದರೆ ನೋಂದಣಿ ಹೋಗುತ್ತದೆ, ಸಹಿ ಹಾಕಿದ ಅಧ್ಯಕ್ಷರು, ಖಜಾಂಚಿ ಉತ್ತರ ಕೊಡಬೇಕಾಗುತ್ತದೆ. ಊರಿಗೆ ಒಳ್ಳೆಯದು ಮಾಡಲು ಹೊರಟವರಿಗೆ ಈ ಗತಿ ಬರಬಾರದು. ಅಂಥವರನ್ನು ಕೂರಿಸಿಕೊಂಡು ಟೀ ಕೂಡ ಕೊಡಬೇಡಿ.

ಅರ್ಜಿ ಬರೆಯುವುದು ಹೇಗೆ ಅಂತ ಕೇಳುತ್ತಾರೆ. ಸಕಲೇಶಪುರ ಕಡೆಯ ಒಂದು ಸಂಘ, ಕಾಫಿ ತೋಟದ ಲೈನ್ ಮನೆಗಳ, ಅಂದರೆ ಕೂಲಿಯವರು ಇರುವ ಸಾಲು ಮನೆಗಳ, ಮಕ್ಕಳಿಗೆ ಸಂಜೆ ಪಾಠ ನಡೆಸುತ್ತದೆ. ಅವರ ಮೊದಲ ಪತ್ರದಲ್ಲಿ 'ಗ್ರಾಮೀಣ ಭಾಗದ ಹಿಂದುಳಿದ ವರ್ಗಗಳ ಸರ್ವಾಂಗೀಣ ಅಭಿವೃದ್ಧಿ' ಅಂತ ಇತ್ತು. ಆ ಮಾತು ಯಾವ ಊರಿಗೂ ಹೊಂದುತ್ತದೆ. ನಾನು ಅಧ್ಯಕ್ಷರನ್ನು ಕೇಳಿದೆ, 'ಅಣ್ಣಾ, ಮಕ್ಕಳು ಎಷ್ಟು ಗಂಟೆಗೆ ಬರ್ತಾರೆ, ಯಾಕೆ ಬರ್ತಾರೆ?' ಅವರು ಹೇಳುತ್ತಾ ಹೋದರು. ಅಪ್ಪ ಅಮ್ಮ ಇಬ್ಬರೂ ತೋಟದ ಕೆಲಸಕ್ಕೆ ಹೋಗುತ್ತಾರೆ. ಕೆಲವರ ಮನೆಮಾತು ಕನ್ನಡ ಅಲ್ಲ, ಶಾಲೆಯ ಪಾಠ ಹತ್ತುವುದಿಲ್ಲ. ಮನೆಯಲ್ಲಿ ಹೇಳಿಕೊಡುವವರಿಲ್ಲ. ಆನೆ ಇರುವ ಕಡೆ, ಕತ್ತಲಾಗುವುದರೊಳಗೆ ಮಕ್ಕಳು ಮನೆ ಸೇರಬೇಕು, ಅದಕ್ಕೆ ಪಾಠ ಲೈನ್ ಮನೆಯ ಪಕ್ಕದಲ್ಲೇ ಆಗಬೇಕು, ಬೇರೆ ಕಡೆ ಕಟ್ಟಡ ಕೊಟ್ಟರೂ ಉಪಯೋಗ ಇಲ್ಲ. ಅವರು ಹೇಳಿದ್ದನ್ನೇ ಹಾಗೇ ಬರೆದೆವು. ಎರಡು ಪುಟ ಆಯಿತು. ಅದಕ್ಕಿಂತ ಜಾಸ್ತಿ ಬೇಕಾಗಿಲ್ಲ.

ವೇಳಾಪಟ್ಟಿ ಬರೆಯುವಾಗ ನಮ್ಮ ಊರಿನ ಕಾಲಮಾನ ಮರೆಯಬೇಡಿ. ಬೆಂಗಳೂರಿನಲ್ಲಿ ಕೂತವರಿಗೆ ಜೂನ್, ಜುಲೈ ಬರೀ ತಿಂಗಳ ಹೆಸರು. ಮೂಡಿಗೆರೆಯಲ್ಲಿ ಆಗ ಮಳೆ ಬಿಟ್ಟರೆ ಬೇರೆ ಏನೂ ಇರುವುದಿಲ್ಲ, ಕಟ್ಟಡದ ಕೆಲಸ ಅಂತೂ ಸಾಧ್ಯವೇ ಇಲ್ಲ. ಡಿಸೆಂಬರ್‌ನಿಂದ ಕಾಫಿ ಕೊಯ್ಲು, ಮಹಿಳೆಯರ ತರಬೇತಿ ಇಟ್ಟರೆ ಯಾರೂ ಬರಲು ಆಗುವುದಿಲ್ಲ. ಇದನ್ನೆಲ್ಲ ಪತ್ರದಲ್ಲೇ ಬರೆದರೆ ಓದುವವರಿಗೆ ಇವರು ಅಲ್ಲಿಯವರೇ, ಕೆಲಸ ಗೊತ್ತಿರುವವರು ಅಂತ ತಿಳಿಯುತ್ತದೆ. ಬರೆಯದೆ ಹೋದರೆ ಆಮೇಲೆ ಯಾಕೆ ತಡ ಅಂತ ಅವರು ಕೇಳುತ್ತಾರೆ.

ಬಜೆಟ್‌ನಲ್ಲಿ ನಡೆಸುವ ಖರ್ಚನ್ನು ಕೇಳಿ. ಇದನ್ನು ನಾನು ಒತ್ತಿ ಹೇಳುತ್ತೇನೆ. ಕಟ್ಟಡಕ್ಕೆ, ಕಂಪ್ಯೂಟರಿಗೆ ದುಡ್ಡು ಸಿಗುತ್ತದೆ, ಯಾಕೆಂದರೆ ಅದರ ಮೇಲೆ ಹೆಸರು ಬರೆಯಬಹುದು. ಪಾಠ ಮಾಡುವ ಹುಡುಗಿಯ ಗೌರವಧನ, ಕರೆಂಟ್ ಬಿಲ್, ಲೆಕ್ಕ ಬರೆಯುವವರ ಖರ್ಚು ಇವನ್ನು ಕೇಳಲು ನಮ್ಮವರು ನಾಚಿಕೊಳ್ಳುತ್ತಾರೆ. ಉದ್ಘಾಟನೆ ಆಗಿ ಬೀಗ ಬಿದ್ದ ಸಮುದಾಯ ಭವನ ಯಾವ ತಾಲ್ಲೂಕಿನಲ್ಲಿ ಇಲ್ಲ ಹೇಳಿ? ಎಲ್ಲರೂ ಗೋಡೆಗೆ ಕೊಟ್ಟರು, ಒಳಗೆ ಕೂರುವ ಮನುಷ್ಯರಿಗೆ ಯಾರೂ ಕೊಡಲಿಲ್ಲ. ಒಬ್ಬರು ಕಟ್ಟಡ ಕೊಡುತ್ತೇವೆ ಅಂದಾಗ, ಬೇಡ ಸಾರ್, ಎರಡು ವರ್ಷದ ಗೌರವಧನ ಕೊಡಿ ಅನ್ನುವ ಧೈರ್ಯ ಬೇಕು. ಹಾಗೇ, ನಿಮ್ಮದಲ್ಲದ ಕೆಲಸಕ್ಕೆ ದುಡ್ಡು ಬಂದರೆ ಬೇಡ ಅನ್ನುವುದೂ ಬೇಕು. ನಾಟಕದ ತಂಡದವರು ದುಡ್ಡು ಸಿಗುತ್ತದೆ ಅಂತ ಸುಮ್ನೆ ಕೌಶಲ್ಯ ತರಬೇತಿಗೆ ಇಳಿದರೆ ನಾಟಕವೂ ಹೋಗುತ್ತದೆ, ತರಬೇತಿಯೂ ಆಗುವುದಿಲ್ಲ.

ದುಡ್ಡು ಬಂದ ಮೇಲೆ ಮೊದಲ ಕೆಲಸ, ಆ ಅನುದಾನಕ್ಕೇ ಬೇರೆ ಲೆಡ್ಜರ್ ಪುಟ. ಕೊನೆಗೆ ಹಣ ಬಳಕೆ ಪ್ರಮಾಣಪತ್ರ, ಎಲ್ಲರೂ ಯುಸಿ ಅನ್ನುತ್ತಾರಲ್ಲ ಅದು, ಹೇಳಿದ ದಿನಕ್ಕೆ ಹೋಗಬೇಕು. ಮಳೆಯಿಂದಲೋ ಚುನಾವಣೆಯಿಂದಲೋ ತಡ ಆಗುವ ಹಾಗಿದ್ದರೆ ಅವಧಿ ಮುಗಿಯುವ ಮುಂಚೆಯೇ ಪತ್ರ ಬರೆಯಿರಿ. ಯುಸಿ ಕೊಡದ ಸಂಘಕ್ಕೆ ಆ ಕಡೆಯಿಂದ ಎರಡನೇ ಸಲ ದುಡ್ಡು ಬರುವುದು ಕನಸು. ಅಧಿಕಾರಿ ಬದಲಾಗುತ್ತಾರೆ, ಫೈಲ್ ಹಾಗೇ ಇರುತ್ತದೆ.

ಲೈನ್ ಮನೆ ಮಕ್ಕಳ ಅರ್ಜಿ ಬೆಂಗಳೂರಿನ ಒಂದು ಫೌಂಡೇಶನ್‌ಗೆ ಹೋಗಿದೆ. ಉತ್ತರ ಇನ್ನೂ ಬಂದಿಲ್ಲ. ಸದ್ಯಕ್ಕೆ ಹಳೇ ವಿದ್ಯಾರ್ಥಿಗಳ ತಿಂಗಳ ದುಡ್ಡಿನಲ್ಲಿ ಪಾಠ ಹೇಳಿಕೊಡುವ ಹುಡುಗಿಗೆ ಗೌರವಧನ ಹೋಗುತ್ತಿದೆ, ನೋಟ್‌ಬುಕ್ಕಿಗೆ ಮಾತ್ರ ಸಾಲುತ್ತಿಲ್ಲ. ಪಂಚಾಯಿತಿಗೆ ಪತ್ರ ಬರೆದಿದ್ದಾರೆ. ಮುಂದಿನ ಗ್ರಾಮಸಭೆಗೆ ತಾಯಂದಿರೂ ಬರುತ್ತಾರಂತೆ.